ಜಮೀರನ ತಂಡ

ಗುರುಪ್ರಸನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಿಟ್ಟು ನಕ್ಕ. "ನೋಡ್ರಲೇ, ಜಮೀರನ ತಂಡ ನಾಕು ವರ್ಷ ಎಲ್ಲಾರ್ಕಿಂತ ಮುಂದಿತ್ತು. ಹೋದ ಡಿಸೆಂಬರ್‌ದಾಗ ಧಡಕ್ಕನ ಬಿದ್ದದ. ಗಾಯ ಆದ ಆಟಗಾರರನ್ನೂ ಬದಲಿ ಮಾಡಿಲ್ಲ ಇಂವಾ!"

ರಾಯಚೂರಿನ ಅವನ ಮನೆಯಲ್ಲಿ ಹಳೆಯ ಕಾಲೇಜು ಗೆಳೆಯರು ಸೇರಿದ್ದರು. ಮೊಬೈಲಿನಲ್ಲಿ ವಿದೇಶಿ ಆಟಗಾರರನ್ನು ಆರಿಸಿ ತಂಡ ಕಟ್ಟುವ ಫ್ಯಾಂಟಸಿ ಫುಟ್‌ಬಾಲ್ ಅವರ ಹುಚ್ಚು. ಐದು ವರ್ಷಗಳ ಏಳುಬೀಳನ್ನು ಗುರುಪ್ರಸನ್ನ ಆಸ್ಥೆಯಿಂದ ಲೆಕ್ಕ ಹಾಕಿದ್ದ. "ಮಾನ್ವಿಯಾಗ ನೆಟ್ ಬರಂಗಿಲ್ಲೇನಲೇ?" ಎಂದು ಪ್ರಾಣೇಶ, ಮಾನ್ವಿಯಲ್ಲಿ ನೆಲೆಸಿದ್ದ ಜಮೀರನನ್ನು ಕಿಚಾಯಿಸಿದ. ಜಮೀರ್ ತಾನೂ ನಗಲು ನೋಡಿದ, ಆಗಲಿಲ್ಲ. "ಆವಾಗ ನಮ್ಮ ಕೂಸು ತೀರ್ಕೊಂಡಿತ್ತು," ಎಂದ. "ಹುಟ್ಟಿ ತಿಂಗಳೂ ತುಂಬಿದ್ದಿಲ್ಲ."

ನಗು ನಿಂತಿತು. ಜಮೀರನ ಹೆಂಡತಿ ಮುಸರ್ರತ್ ಬಸುರಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಯಾರೂ ಕೇಳಿರಲಿಲ್ಲ. ದಿನಾ ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಗೋಲು, ಅಂಕ ಎಂದು ಹರಟುತ್ತಿದ್ದ ಗುರುಪ್ರಸನ್ನ, ಜಮೀರನ ಮೌನವನ್ನು ಸೋತವನ ಮುನಿಸು ಎಂದೇ ತಿಳಿದಿದ್ದ. "ನಮಗ್ಯಾಕ ಹೇಳಲಿಲ್ಲೋ?" ಎಂದ, ದನಿ ಕುಗ್ಗಿ.

"ಗ್ರೂಪಿನ್ಯಾಗ ಎರಡ್ಮೂರು ಸಲ ಬರೆದೆ. ನೀವೆಲ್ಲಾ ಖುಷಿಯಾಗಿದ್ರಿ. ಅಳಿಸಿಬಿಟ್ಟೆ," ಎಂದ ಜಮೀರ್. ಗುರುಪ್ರಸನ್ನ ಲ್ಯಾಪ್‌ಟಾಪ್ ಮುಚ್ಚಿ ಅವನ ಪಕ್ಕಕ್ಕೆ ಹೋಗಿ ಕೂತ. ಏನು ಹೇಳಿದರೂ ತಡವಾಯಿತು ಎನಿಸಿತು. ಕೊನೆಗೆ, ಆಗಲೇ ಕೇಳಬೇಕಿದ್ದುದನ್ನು ಕೇಳಿದ: "ಹೆಸರು ಏನಿಟ್ಟಿದ್ರಿ?"

"ಆತಿಯಾ," ಎಂದ ಜಮೀರ್. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.