ನಿಲ್ಲು ಎಂದರೆ ನಿಲ್ಲದ ಚಿಟ್ಟೆ

ನಮ್ಮ ಗುಡ್ಡದಲ್ಲಿ ಚಿಟ್ಟೆಯ ಫೋಟೋವನ್ನು ನನ್ನ ಒಂದನೇ ತರಗತಿಯ ಮಕ್ಕಳೂ ತೆಗೆಯುತ್ತಾರೆ. ‘ನಿಲ್ಲು’ ಎಂದರೆ ಸಾಕು, ಅರಣ್ಯ ಇಲಾಖೆ ಬಿಟ್ಟ ಯಂತ್ರದ ಚಿಟ್ಟೆಗಳೆಲ್ಲ ಇದ್ದಲ್ಲೇ ರೆಕ್ಕೆ ಬಿಚ್ಚಿ ಕೂರುತ್ತವೆ. ಅದಕ್ಕೇ ನನಗೆ ಅವುಗಳ ಫೋಟೋ ಬೇಡ.

ಯುಗಾದಿಯ ಮರುದಿನ ಕಂಡದ್ದು ಬೇರೆಯದು. ಹಳದಿ ಬಣ್ಣ, ಒಂದು ರೆಕ್ಕೆಯ ಅಂಚು ಹರಿದಿತ್ತು. ಮೂರು ದಿನ ಅದರ ಹಿಂದೆ ಅಲೆದು ಒಂದೇ ಒಂದು ಫೋಟೋ ತೆಗೆದೆ, ಅದೂ ಮಸುಕು. ಅದನ್ನೇ ಇಲಾಖೆಗೆ ಕಳಿಸಿದೆ. ಜೀವವಿರುವ ಚಿಟ್ಟೆ ಇದ್ದ ಕಡೆ ಪೊದೆ ಕಡಿದು ಯಂತ್ರದ ಚಿಟ್ಟೆಗಳಿಗೆ ಚಾರ್ಜಿಂಗ್ ಕಂಬ ನೆಡುವಂತಿಲ್ಲ ಎಂಬುದು ಇಲಾಖೆಯದೇ ನಿಯಮ. ಇಲ್ಲಿ ಸೋಮವಾರ ನೆಡುವವರಿದ್ದರು.

ಭಾನುವಾರ ಇಲಾಖೆಯ ಸರ್ವೇಯರ್ ಕಡೇಮನಿ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು.

“ಇದೂ ನಮ್ಮ ಯಂತ್ರದ್ದ ಇರಬೇಕ್ರಿ ಅಕ್ಕಾರ. ಈ ಫೋಟೋದಾಗ ಏನೂ ತಿಳಿಯಂಗಿಲ್ಲ.”

“ಬೆವರು ಒರಸಬ್ಯಾಡ್ರಿ. ಹಂಗ ಕೈ ಚಾಚಿ ಕೂಡ್ರಿ,” ಎಂದೆ.

ಕಾಲು ಗಂಟೆ ಕೂತರು. ಹಳದಿ ಚಿಟ್ಟೆ ಬಂದು ಅವರ ಹೆಬ್ಬೆರಳ ಮೇಲಿಳಿದು, ಸುರುಳಿ ನಾಲಿಗೆ ಬಿಚ್ಚಿ ಬೆವರು ಹೀರತೊಡಗಿತು. ಅವರು ಉಸಿರು ಬಿಗಿಹಿಡಿದು ಎಡಗೈಯಲ್ಲಿ ಫೋನ್ ತೆಗೆದರು. ರೂಢಿಯಂತೆ ಮೆಲ್ಲಗೆ “ನಿಲ್ಲು” ಎಂದರು.

ಪೊದೆಯ ಮೇಲಿನ ಚಿಟ್ಟೆಗಳೆಲ್ಲ ರೆಕ್ಕೆ ಬಿಚ್ಚಿ ನಿಂತವು. ಬೆರಳ ಮೇಲಿನದು ಹಾರಿಹೋಯಿತು.

“ನಿಮಗೂ ಫೋಟೋ ಸಿಗಲಿಲ್ಲಲ್ರಿ,” ಎಂದೆ.

ಕಡೇಮನಿಯವರು ತಮ್ಮ ಹೆಬ್ಬೆರಳನ್ನೇ ತುಸು ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ, ಕಂಬದ ಗುರುತಿಗೆ ತಾವೇ ಹೊಡೆದಿದ್ದ ಗೂಟಗಳನ್ನು ಒಂದೊಂದಾಗಿ ಕಿತ್ತರು.