ದಾನಿಗೆ ತಿಂಗಳ ಪತ್ರ

ಮತ್ತೆ ಅದೇ ತಪ್ಪು. ಕಾರ್ಯದರ್ಶಿ ಕೆಂಪು ಪೆನ್ಸಿಲ್ ಕೈಗೆತ್ತಿಕೊಂಡು, ಎದುರು ನಿಂತ ಹುಡುಗಿಯನ್ನು ಕನ್ನಡಕದ ಮೇಲಿನಿಂದ ನೋಡಿದಳು.

“‘ನಾನು ಇಲ್ಲಿ ಕ್ಷೇಮ’ ಎಲ್ಲಿ?”

ಹುಡುಗಿಗೆ ಹನ್ನೊಂದು ವರ್ಷ. ಸಣಕಲು ಮೈ ನೋಡಿ ತರಗತಿಯವರು ಕಡ್ಡಿ ಎಂದು ಕರೆಯುತ್ತಿದ್ದರು.

“ದೊಡ್ಡವರಿಗೆ ಬರೆಯೋ ಕಾಗದ ಹೀಗೆ ಧುತ್ತಂತ ಶುರುವಾಗುತ್ತೇನಮ್ಮ? ಮೂರು ತಿಂಗಳಿಂದ ಹೇಳ್ತಾ ಇದೀನಿ. ಕೂತ್ಕೋ, ನೀಟಾಗಿ ಇನ್ನೊಂದು ಬರಿ.”

ಕಡ್ಡಿ ಬರೆದಳು. ಓದಿನಲ್ಲಿ ತರಗತಿಗೇ ಮೊದಲು, ಕಾಗುಣಿತದಲ್ಲಿ ಒಂದು ತಪ್ಪಿಲ್ಲ. ಈ ಒಂದು ಸಾಲು ಮಾತ್ರ ಅವಳ ತಲೆಗೆ ಹತ್ತುತ್ತಿರಲಿಲ್ಲ. ಮುಗಿಸಿದ ಮೇಲೂ ಎದ್ದು ಹೋಗದೆ, ಹಾಸ್ಟೆಲ್ಲಿನ ಗಂಟೆ ಬಾರಿಸುವವರೆಗೂ ಅಲ್ಲೇ ಕೂತಿದ್ದಳು. ಹುಡುಗಿ ತನ್ನನ್ನು ಹಚ್ಚಿಕೊಂಡಿದ್ದಾಳೆ ಎಂದು ಕಾರ್ಯದರ್ಶಿ ಒಳಗೊಳಗೇ ಹಿಗ್ಗಿದಳು.

ಆ ಖಾಸಗಿ ಶಾಲೆಯ ಹಳೆಯ ವಿದ್ಯಾರ್ಥಿಗಳ ಕಚೇರಿಗೆ ಅವಳು ಬಂದು ನಾಲ್ಕು ತಿಂಗಳಾಗಿತ್ತು. ಹಳಬರಿಗೆ ಫೋನು ಮಾಡಿ, ಅವರ ಕೀಟಲೆಗಳನ್ನು ನೆನಪಿಸಿ, ದತ್ತಿನಿಧಿಗೆ ದೇಣಿಗೆ ಕೇಳುವುದು ಕೆಲಸ. ಬಡ ಮಕ್ಕಳ ವಿದ್ಯಾರ್ಥಿವೇತನ ನಡೆಯುವುದು ಅದರಿಂದಲೇ. ಹೆಚ್ಚಿನವರು ಕೀಟಲೆಯ ಮಾತು ಬಂದಾಗ ಬಿದ್ದು ಬಿದ್ದು ನಗುತ್ತಾರೆ, ದೇಣಿಗೆಯ ಮಾತು ಬಂದಾಗ ಸಿಗ್ನಲ್ ಸರಿಯಿಲ್ಲ ಎನ್ನುತ್ತಾರೆ. ಕೇಳದೆಯೇ ಕೊಡುವವನು ಒಬ್ಬನೇ, ಲಿಫ್ಟ್ ಸಾಹುಕಾರ. ಲಿಫ್ಟ್ ರಿಪೇರಿ ಮಾಡುತ್ತಲೇ ಮೇಲೇರಿದ ಆಸಾಮಿ.

ಅವನ ವಿದ್ಯಾರ್ಥಿವೇತನಕ್ಕೆ ಕೆಲವು ಷರತ್ತು. ಮಗುವಿಗೆ ತಂದೆ ತಾಯಿ ಇರಬಾರದು. ಪೋಷಕರ ಜಾಗದಲ್ಲಿ ಅವನೇ ಸಹಿ ಹಾಕುತ್ತಾನೆ. ಮಗು ತಿಂಗಳಿಗೊಮ್ಮೆ ಅವನಿಗೆ ಪತ್ರ ಬರೆಯಬೇಕು. ಅದನ್ನು ಬೇರೆ ಯಾರೂ ಓದಕೂಡದು.

ಅರವತ್ತು ದಾಟಿದ ಗಂಡಸಿಗೆ ಮಗುವಿನ ಗುಟ್ಟಿನ ಪತ್ರ ಯಾಕೆ? ಹಿಂದಿದ್ದ ಗುಮಾಸ್ತ ಕಣ್ಣುಮುಚ್ಚಿ ಲಕೋಟೆ ಅಂಟಿಸಿ ಕಳಿಸುತ್ತಿದ್ದನಂತೆ. ಇವಳು ಹಾಗಲ್ಲ. ಓದಿ, ತಿದ್ದಿ, ಮತ್ತೆ ಬರೆಸಿ, ಆಮೇಲೆ ಅಂಟಿಸುತ್ತಿದ್ದಳು. ಹಾಸ್ಟೆಲ್ ವಾರ್ಡನ್ ಹೊಗಳಿದ್ದೇ ಹೊಗಳಿದ್ದು.

“ಒಳ್ಳೇ ಕೆಲಸ ಮಾಡ್ತಿದೀರಿ ಮೇಡಂ. ಮಕ್ಕಳ ಕೈಗೆ ಪೆನ್ನು ಕೊಟ್ರೆ ಏನು ಬೇಕಾದ್ರೂ ಬರೀತಾವೆ.”

ವಿದ್ಯಾರ್ಥಿವೇತನ ಕೊಟ್ಟ ದಿನ ಸಾಹುಕಾರ ಬಗ್ಗಿ ಕಡ್ಡಿಯ ಕಿವಿಯಲ್ಲಿ ಏನೋ ಉಸುರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಏನಂದರು ಎಂದು ಕೇಳಿದರೆ ಹುಡುಗಿ ತುಟಿಪಿಟಕ್ಕೆನ್ನಲಿಲ್ಲ.

ಪತ್ರ ಕಳಿಸಿದ ಮೂರನೆಯ ದಿನ ಅವನ ಫೋನು ಬಂತು.

“ಪತ್ರ ಸಿಕ್ತು. ಯಾರೂ ನೋಡಿಲ್ಲ ತಾನೆ?”

“ಇಲ್ಲ ಸರ್, ನಾವ್ಯಾಕೆ ನೋಡೋಣ?” ಸುಳ್ಳು ಸಲೀಸಾಗಿ ಬಂತು. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

“ಹುಡುಗಿ ಯಾವ ಕೋಣೇಲಿ ಮಲಗ್ತಾಳೆ?”

ವಿಚಾರಿಸಿ ಹೇಳ್ತೀನಿ ಎಂದು ಅವಳು ತಪ್ಪಿಸಿಕೊಂಡಳು. ಫೋನಿಟ್ಟವಳೇ ಕಪಾಟಿನಿಂದ ಗೇಟಿನಲ್ಲಿ ಬಂದು ಹೋದವರು ಸಹಿ ಹಾಕುವ ಹಳೆಯ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದಳು. ಅವನ ಹಣದಲ್ಲಿ ಓದುತ್ತಿದ್ದ ಇಬ್ಬರು ಮಕ್ಕಳು ವರ್ಷದ ನಡುವೆಯೇ ಶಾಲೆ ಬಿಟ್ಟಿದ್ದರು. ಕರೆದೊಯ್ದವರ ಸಹಿ ಎರಡೂ ಕಡೆ ಸಾಹುಕಾರನದೇ. ಮತ್ತೆ ಅವರು ಬಂದದ್ದಕ್ಕೆ ಸಹಿ ಇರಲಿಲ್ಲ.

ಮರುದಿನ ಬೆಳಗ್ಗೆ ಅವಳು ಅವನ ಕಾರ್ಖಾನೆಯಲ್ಲಿದ್ದಳು. ಕೆಲಸ ಹೋದರೆ ಹೋಗಲಿ, ಕಡ್ಡಿಯನ್ನು ಮೂರನೆಯವಳಾಗಲು ಬಿಡುವುದಿಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಬಂದಿದ್ದಳು. ಗ್ರೀಸ್ ಹತ್ತಿದ ಉಕ್ಕಿನ ಹಗ್ಗಗಳ ನಡುವೆ ಸಾಹುಕಾರ ಕೈ ಒರೆಸಿಕೊಳ್ಳುತ್ತ ಎದ್ದ.

“ಆ ಇಬ್ಬರು ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋದ್ರಿ?”

ಅವನು ಸಿಟ್ಟಾಗಲಿಲ್ಲ. “ನಮ್ಮಕ್ಕನ ಮನೆಗೆ. ಅವಳೇ ಸಾಕಿದ್ದು. ಹುಡುಗಿ ಈಗ ನರ್ಸು. ಹುಡುಗ ಅಗೋ, ಅಲ್ಲಿದಾನೆ.”

ಮೋಟಾರಿನ ಹಿಂದಿನಿಂದ ಗಡ್ಡದ ಮೆಕ್ಯಾನಿಕ್ ತಲೆಯೆತ್ತಿ ನಕ್ಕ.

“ನಿಮಗೆ ಗೊತ್ತಿರಲ್ಲ ಮೇಡಂ, ಹೊಸಬರು. ಹಾಸ್ಟೆಲ್ ಹಿಂದೆ ಒಂದು ಉಗ್ರಾಣ ಇದೆ. ಯಾರೂ ದಿಕ್ಕಿಲ್ಲದ ಮಕ್ಕಳನ್ನ ಅಲ್ಲಿ ಕೂಡಿಹಾಕ್ತಾರೆ. ನಾನೂ ಇದ್ದೆ. ಅಕ್ಕನಿಗೆ ಕಾಗದದಲ್ಲಿ ಬರೆದೆ. ವಾರ್ಡನ್ ಓದಿ ಹರಿದುಹಾಕಿ, ಇನ್ನೂ ಎರಡು ದಿನ ಒಳಗಿಟ್ಟರು. ದೊಡ್ಡವನಾದ ಮೇಲೆ ದೂರು ಕೊಟ್ಟೆ. ವಾರ್ಡನ್ ಬದಲಾದ್ರು, ಉಗ್ರಾಣ ಹಾಗೇ ಇದೆ.”

“ಹಾಗಿದ್ರೂ ಆ ಶಾಲೆಗೆ ದುಡ್ಡು ಕೊಡ್ತೀರಲ್ಲ?”

“ಕೊಡೋನಿಗೆ ಮಾತ್ರ ಆ ಗೇಟು ತೆಗೀತಾರೆ. ಅದಕ್ಕೇ ಕೊಡ್ತೀನಿ.”

“ಮತ್ತೆ ಅವಳ ಕಿವೀಲಿ ಹೇಳಿದ್ದು?”

“ಎಲ್ಲ ಮಕ್ಕಳಿಗೂ ಹೇಳೋದೇ. ಕಷ್ಟ ಇದ್ರೆ ಅದನ್ನ ಬರೀಬೇಡ, ಯಾರಿಗೂ ಬಾಯಿಬಿಡಬೇಡ. ‘ನಾನು ಇಲ್ಲಿ ಕ್ಷೇಮ’ ಅನ್ನೋ ಸಾಲನ್ನ ಬಿಟ್ಟುಬಿಡು, ಸಾಕು. ಕಾಗದ ಸಿಕ್ಕ ದಿನವೇ ಬಂದು ಕರ್ಕೊಂಡು ಹೋಗ್ತೀನಿ ಅಂತ. ಆ ಇಬ್ಬರೂ ಬಿಟ್ಟಿದ್ರು, ಹೋದೆ.”

ಅವಳು ಹತ್ತಿರದ ಕಬ್ಬಿಣದ ಚೌಕಟ್ಟನ್ನು ಹಿಡಿದುಕೊಂಡಳು. ಉಗ್ರಾಣದ ಮಾತಿಗೆ ಹೆದರಿದಳೆಂದುಕೊಂಡು ಸಾಹುಕಾರ ಕುರ್ಚಿ ಎಳೆದುಕೊಟ್ಟ. ಸಮಾಧಾನ ಹೇಳುವಂತೆ ಮೆಲ್ಲಗೆ ನಕ್ಕ.

“ಈ ಹುಡುಗಿ ಬಗ್ಗೆ ಮಾತ್ರ ನಿಶ್ಚಿಂತೆಯಾಗಿದೀನಿ ಮೇಡಂ. ಮೂರು ತಿಂಗಳೂ ಆ ಸಾಲನ್ನ ತಪ್ಪದೆ ಬರೆದಿದಾಳೆ.”