ನಡುಗಡ್ಡೆಯ ಗೊಂಜಾಳ

ಬೈಲಹೊಂಗಲದ ಬಸ್ ನಿಲ್ದಾಣದ ಮುಂದೆ ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆ ಸುಡುವ ವಾಸನೆ ಬಂದರೆ ಸಾಕು, ನಾನು ಈಗಲೂ ಬಸ್ಸು ಬಿಟ್ಟು ನಿಲ್ಲುತ್ತೇನೆ.

ನನ್ನ ಬಾಲ್ಯದ ಒಂದು ಮಳೆಗಾಲದ ದಿನ ಅಜ್ಜಿ, ಅವ್ವ, ನಾನು ಮಲಪ್ರಭೆಯ ದಂಡೆಯ ನಮ್ಮ ಹೊಲದಲ್ಲಿದ್ದೆವು. ಹೊಳೆಯ ಮೇಲ್ಭಾಗದ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ನೋಡನೋಡುತ್ತಲೇ ಹೊಳೆ ಹಿಂದಿನಿಂದಲೂ ಬಂದು ಸುತ್ತುವರಿಯಿತು. ಹೊಲದ ದಿಬ್ಬ, ಅದರ ಮೇಲಿನ ಗುಡಿಸಲು, ಒಂದಿಷ್ಟು ಗೊಂಜಾಳ ನಡುಗಡ್ಡೆಯಾದವು. ಅಜ್ಜಿ ನೀರಿನ ಅಂಚಿಗೆ ಒಂದು ಕೋಲು ನೆಟ್ಟಳು. ಅದು ಮುಳುಗಿದಾಗ ಅವ್ವ ಅಳತೊಡಗಿದಳು.

"ಅತ್ತರ ಹೊಟ್ಟಿ ತುಂಬತೈತೇನ? ನಾಕು ತೆನಿ ಮುರಕೊಂಡ ಬಾ," ಎಂದ ಅಜ್ಜಿ ಇನ್ನಷ್ಟು ಮೇಲೆ ಇನ್ನೊಂದು ಕೋಲು ನೆಟ್ಟಳು. ಗುಡಿಸಲಿನಲ್ಲಿ ಒಣಗಿದ ಸಗಣಿ ಕುಳ್ಳುಗಳಿದ್ದವು, ಅವಳ ಎಲೆಯಡಿಕೆ ಸಂಚಿಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಹೊಗೆಗೆ ಕಣ್ಣುರಿಯುತ್ತಿತ್ತು, ಎಳೆ ಕಾಳುಗಳು ಚಟಚಟ ಸಿಡಿಯುತ್ತಿದ್ದವು. ತಿನ್ನುತ್ತ ನಾವು ಕೋಲನ್ನೇ ನೋಡುತ್ತಿದ್ದೆವು. ಎರಡನೆಯ ಕೋಲು ಮುಳುಗಲಿಲ್ಲ.

ಇಳಿಹೊತ್ತಿಗೆ ದೋಣಿ ಬಂತು. "ಲಗೂನ ಹತ್ರಿ ಅಜ್ಜಿ!" ಎಂದು ಅದರಲ್ಲಿದ್ದ ಇಬ್ಬರು ಅಂಬಿಗರು ಕೂಗಿದರು.

"ಹೊಲಕ್ಕ ಬಂದವರನ್ನ ಹಂಗ ಕಳಿಸೂ ಮಂದಿ ಅಲ್ಲ ನಾವು. ಮೊದಲ ತಿನ್ನರಿ," ಎಂದು ಅವರ ಕೈಗೆ ಬಿಸಿ ತೆನೆ ಇಟ್ಟ ಮೇಲೆಯೇ ಅಜ್ಜಿ ದೋಣಿ ಹತ್ತಿದ್ದು.

ದಂಡೆಯ ಮೇಲೆ ಊರೇ ನೆರೆದಿತ್ತು. ಹಲ್ಲಲ್ಲಿ ತೆನೆ ಕಚ್ಚಿಕೊಂಡು ಹುಟ್ಟು ಹಾಕುತ್ತಿದ್ದ ಅಂಬಿಗನನ್ನು ಕಂಡು ಮಂದಿ ಕೇಕೆ ಹಾಕಿದರು. ದಂಡೆಯಲ್ಲೇ ಕಾಯುತ್ತಿದ್ದ ಅಪ್ಪ ನೀರಿಗಿಳಿದು ದೋಣಿಯ ಅಂಚು ಹಿಡಿದ. ಅಜ್ಜಿ ಉಡಿಯಿಂದ ಒಂದು ತೆನೆ ತೆಗೆದು ಮಗನ ಮುಂದೆ ಹಿಡಿದಳು.

"ಮುಂಜಾನಿಂದ ಏನೂ ತಿಂದಿಲ್ಲಲ್ಲೋ ನೀ? ತಗೋ, ಇನ್ನೂ ಬಿಸಿ ಐತಿ."